ರಿಚರ್ಡ್ ಗಾರ್ವಿನ್ ಬಗ್ಗೆ ಎಂಎಸ್ಸಿ ತರಗತಿಗೆ ಪಾಠ: ಯಾವ ಲೆಕ್ಕಗಳನ್ನು ಮಾಡಿಸಬಹುದು?

ಧಾರವಾಡ_ಫಿಸಿಕ್ಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಭೌತಶಾಸ್ತ್ರದ ಕೊನೆಯ ಸೆಮಿಸ್ಟರ್‌ನವರಿಗೆ ಎರಡು ತಾಸಿನ ಒಂದು ಪಾಠ ತಯಾರು ಮಾಡಬೇಕಾಗಿದೆ. ಅನ್ವಯಿಕ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಲೇ ದಶಕಗಟ್ಟಲೆ ಸರ್ಕಾರಕ್ಕೆ ಸಲಹೆ ಕೊಟ್ಟವರು ನಿಜಕ್ಕೂ ಏನು ಕೆಲಸ ಮಾಡುತ್ತಾರೆ ಎಂಬುದು ವಿಷಯ. ಉದಾಹರಣೆಗೆ ರಿಚರ್ಡ್ ಗಾರ್ವಿನ್ (1928–2025) ಅವರನ್ನು ಆರಿಸಿಕೊಂಡಿದ್ದೇನೆ.

ಜೀವನದ ಸ್ಥೂಲ ವಿವರ ಕೈಯಲ್ಲಿದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. ಶಿಕಾಗೊದಲ್ಲಿ ಎನ್ರಿಕೊ ಫರ್ಮಿ ಅವರ ಬಳಿ 1949ರಲ್ಲಿ, 21ನೇ ವಯಸ್ಸಿಗೇ ಪಿಎಚ್‌ಡಿ. 1951ರ ಬೇಸಿಗೆಯಲ್ಲಿ ಲಾಸ್ ಅಲಮೋಸ್ ಅಣ್ವಸ್ತ್ರ ಪ್ರಯೋಗಾಲಯದಲ್ಲಿದ್ದಾಗ ಹೈಡ್ರೋಜನ್ ಬಾಂಬಿನ ಟೆಲ್ಲರ್–ಉಲಾಮ್ ಕಲ್ಪನೆಯನ್ನು ಪರೀಕ್ಷೆಗೆ ಒಡ್ಡಬಹುದಾದ ಸಾಧನದ ವಿನ್ಯಾಸವಾಗಿ ಇಳಿಸಿಕೊಟ್ಟರು. ಅದನ್ನು 1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದ ಎನೆವೆಟಾಕ್‌ನಲ್ಲಿ ಸಿಡಿಸಿದಾಗ 10.4 ಮೆಗಾಟನ್ ಶಕ್ತಿ ಬಂತು. ಅದೇ ಡಿಸೆಂಬರ್‌ನಲ್ಲಿ ಐಬಿಎಂ ಸೇರಿ 1993ರವರೆಗೂ ಅಲ್ಲೇ ಇದ್ದರು. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯಲ್ಲಿ 1962–65 ಮತ್ತು 1969–72, ಎರಡು ಅವಧಿ.

ತೊಂದರೆ ಏನೆಂದರೆ, ಅವರ ಬಗ್ಗೆ ಬರುವ ಬರಹಗಳೆಲ್ಲ ಬಾಂಬಿನ ಸುತ್ತಲೇ ಗಿರಕಿ ಹೊಡೆಯುತ್ತವೆ. ನನಗೆ ಬೇಕಾದ್ದು ಬೇರೆ. ಹುಡುಗರು ಪೆನ್ನು ಹಿಡಿದು ಮಾಡಬಹುದಾದ ಲೆಕ್ಕಗಳು ಯಾವುವು? ಸರ್ಕಾರಕ್ಕೆ ಸಲಹೆ ಎಂದರೆ ಕಾಗದದ ಮೇಲೆ ಏನಾಗಿತ್ತು? ಗುಪ್ತ ವರದಿ ಬರೆದವರು ಬಹಿರಂಗವಾಗಿ ಮಾತಾಡುವಾಗ ಗೆರೆ ಎಲ್ಲಿ ಎಳೆದರು? ನಮ್ಮಲ್ಲೂ ಪ್ರಧಾನ ವೈಜ್ಞಾನಿಕ ಸಲಹೆಗಾರರ ಹುದ್ದೆ 1999ರಿಂದ ಇದೆ, 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಕುಮಾರ್ ಸೂದ್ ಅವರೇ ಆ ಹುದ್ದೆಗೆ ಬಂದರು. ಹಾಗಾಗಿ ಹುಡುಗರು ಈ ಕೊನೆಯ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ.

ಸ್ಪಿನ್_ಸುರುಳಿ

ಮೊದಲ ತಾಸನ್ನು ಪೂರ್ತಿ 1957ರ ಮ್ಯೂಯಾನ್ (ಎಲೆಕ್ಟ್ರಾನ್‌ನಂಥದೇ, ಆದರೆ ಭಾರವಾದ ಕಣ) ಪ್ರಯೋಗಕ್ಕೆ ಕೊಡಿ. ಸಲಹೆಗಾರ ಗಾರ್ವಿನ್ ಅರ್ಥವಾಗಬೇಕಾದರೆ ಪ್ರಯೋಗಶೀಲ ಗಾರ್ವಿನ್‌ನಿಂದಲೇ ಶುರು ಮಾಡಬೇಕು.

ಹಿನ್ನೆಲೆ ಚಿಕ್ಕದು. ಕಣಗಳ ಕ್ಷಯಕ್ಕೆ ಕಾರಣವಾಗುವ ದುರ್ಬಲ ಕ್ರಿಯೆಗಳಲ್ಲಿ ಪ್ಯಾರಿಟಿ (ಕನ್ನಡಿ ಬಿಂಬದಲ್ಲೂ ಅದೇ ನಿಯಮ ನಡೆಯುವ ಗುಣ) ಉಳಿಯದೇ ಇರಬಹುದು ಎಂದು ಲೀ ಮತ್ತು ಯಾಂಗ್ 1956ರಲ್ಲಿ ಬರೆದಿದ್ದರು. ಮೇಡಂ ವೂ ಅವರ ಕೋಬಾಲ್ಟ್-60 ಪ್ರಯೋಗದಲ್ಲಿ ದೊಡ್ಡ ಪರಿಣಾಮ ಕಾಣುತ್ತಿದೆ ಎಂಬ ಸುದ್ದಿ 1957ರ ಜನವರಿ 4ರ ಶುಕ್ರವಾರ ಕೊಲಂಬಿಯಾ ವಿಶ್ವವಿದ್ಯಾಲಯದವರ ಊಟದ ಮೇಜಿಗೆ ಬಂತು. ಲಿಯಾನ್ ಲೆಡರ್‌ಮನ್, ಗಾರ್ವಿನ್ ಮತ್ತು ಸಂಶೋಧನಾ ವಿದ್ಯಾರ್ಥಿ ಮಾರ್ಸೆಲ್ ವೈನ್‌ರಿಚ್ ನೆವಿಸ್ ಸೈಕ್ಲೋಟ್ರಾನ್‌ನಲ್ಲಿ ಆಗಲೇ ನಿಂತಿದ್ದ ಉಪಕರಣವನ್ನು ಬಿಚ್ಚಿ ಮತ್ತೆ ಕಟ್ಟಿದರು. ಮಂಗಳವಾರ ಬೆಳಗಿನ ಜಾವದ ಹೊತ್ತಿಗೆ ಉತ್ತರ ಸಿಕ್ಕಿತ್ತು: ಪ್ಯಾರಿಟಿ ಉಳಿಯುವುದಿಲ್ಲ.

ಜೋಡಣೆ ಹೀಗೆ. ಸುಮಾರು 85 ಎಂಇವಿಯ ಧನ ಪಯಾನ್ (ಕ್ಷಯಿಸಿ ಮ್ಯೂಯಾನ್ ಆಗುವ ಕಣ) ಕಿರಣ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ದಾರಿಯಲ್ಲೇ ಹುಟ್ಟಿದ ಮ್ಯೂಯಾನ್‌ಗಳು. ಎದುರಿಗೆ 8 ಅಂಗುಲ ಇಂಗಾಲದ ತಡೆ. ಪಯಾನ್‌ಗಳು ಅದರೊಳಗೇ ನಿಲ್ಲುತ್ತವೆ, ಮ್ಯೂಯಾನ್‌ಗಳು ದಾಟಿ ಮುಂದಿನ 1 ಅಂಗುಲದ ಇಂಗಾಲದ ಗುರಿಯಲ್ಲಿ ನಿಲ್ಲುತ್ತವೆ. ಅಲ್ಲಿ ಕ್ಷಯಿಸಿದಾಗ ಬರುವ ಪಾಸಿಟ್ರಾನ್‌ಗಳನ್ನು ಎಣಿಸುವ ಉಪಕರಣಗಳು ಕಿರಣಕ್ಕೆ 100 ಡಿಗ್ರಿ ಕೋನದಲ್ಲಿವೆ. ಮ್ಯೂಯಾನ್ ನಿಂತ ಮೇಲೆ 0.75ರಿಂದ 2.0 ಮೈಕ್ರೋಸೆಕೆಂಡ್ ನಡುವೆ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಈಗ ಮುಖ್ಯ ಜಾಣ್ಮೆ. ಪಾಸಿಟ್ರಾನ್‌ಗಳು ಯಾವ ದಿಕ್ಕಿಗೆ ಹೆಚ್ಚು ಹೋಗುತ್ತವೆ ಎಂದು ನೋಡಬೇಕಾದರೆ ಯಾರಿಗೇ ಆದರೂ ಮೊದಲು ಹೊಳೆಯುವುದು ಎಣಿಸುವ ಉಪಕರಣವನ್ನು ಬೇರೆಬೇರೆ ಕೋನಕ್ಕೆ ಸರಿಸುವುದು. ಸರಿಸಿದ ಕೂಡಲೇ ದೂರ, ನಡುವಿನ ವಸ್ತುವಿನ ದಪ್ಪ, ಹಿನ್ನೆಲೆ ಎಣಿಕೆ ಎಲ್ಲವೂ ಬದಲಾಗುತ್ತವೆ. ಕಂಡ ವ್ಯತ್ಯಾಸ ಯಾವುದರಿಂದ ಬಂತೆಂದು ತಿಂಗಳುಗಟ್ಟಲೆ ತಿದ್ದುತ್ತಾ ಕೂರಬೇಕು. ಅವರು ಆ ಉಪಕರಣವನ್ನು ಮುಟ್ಟಲೇ ಇಲ್ಲ. ಗುರಿಯ ಸುತ್ತ ತಂತಿಯ ಸುರುಳಿ ಸುತ್ತಿ, ವಿದ್ಯುತ್ ಹರಿಸಿ, ಮ್ಯೂಯಾನ್‌ನ ಸ್ಪಿನ್ ಅನ್ನೇ ತಿರುಗಿಸಿದರು. ಬದಲಾದದ್ದು ಸುರುಳಿಯ ಪ್ರವಾಹ ಒಂದೇ.

ಹುಡುಗರಿಗೆ ಲೆಕ್ಕ ಕೊಡಿ:

ಮ್ಯೂಯಾನ್ ಸ್ಪಿನ್ ಒಂದು ಗಾಸ್‌ಗೆ 13.55 ಕಿಲೋಹರ್ಟ್ಸ್ ವೇಗದಲ್ಲಿ ತಿರುಗುತ್ತದೆ. ಆಯುಷ್ಯ 2.2 ಮೈಕ್ರೋಸೆಕೆಂಡ್. 0.75–2.0 ಮೈಕ್ರೋಸೆಕೆಂಡ್‌ನ ಆ ಕಿಟಕಿಯೊಳಗೆ ಬೀಳುವ ಕ್ಷಯಗಳ ಪಾಲು e^(−0.75/2.2) − e^(−2.0/2.2) = 0.711 − 0.403, ಅಂದರೆ ಸುಮಾರು ಶೇ. 31. ಕಿಟಕಿಯೊಳಗಿನ ಸರಾಸರಿ ಸಮಯ ಸುಮಾರು 1.3 ಮೈಕ್ರೋಸೆಕೆಂಡ್. 15 ಗಾಸ್ ಕೊಟ್ಟರೆ 203 ಕಿಲೋಹರ್ಟ್ಸ್, ಅಷ್ಟು ಹೊತ್ತಿಗೆ ಸುಮಾರು 95 ಡಿಗ್ರಿ ತಿರುವು. ಇಷ್ಟು ಕ್ಷೇತ್ರಕ್ಕೆ ಕೈಯಲ್ಲಿ ಸುತ್ತಿದ ಸುರುಳಿ ಸಾಕು. ದೊಡ್ಡ ಅಯಸ್ಕಾಂತ ಬೇಡ.

ಕ್ಷೇತ್ರ ಹೆಚ್ಚಿಸಿದರೆ ಏನು ಕೆಡುತ್ತದೆ ಎಂದೂ ಕೇಳಿ. 50 ಗಾಸ್‌ನಲ್ಲಿ ಕಿಟಕಿಯ 1.25 ಮೈಕ್ರೋಸೆಕೆಂಡ್ ಅಗಲದಲ್ಲೇ ಸ್ಪಿನ್ ಸುಮಾರು 300 ಡಿಗ್ರಿ ಸುತ್ತಿಬಿಡುತ್ತದೆ, ಏರಿಳಿತ ಅಳಿಸಿಹೋಗುತ್ತದೆ. 100 ಡಿಗ್ರಿ ಕೋನ ಒಳ್ಳೆಯದು ಏಕೆಂದರೆ ಅಲ್ಲಿ ಕೊಸೈನ್‌ನ ಇಳಿಜಾರು ಕಡಿದು: ಪ್ರವಾಹ ಒಂದು ದಿಕ್ಕಿಗೆ ಹರಿದರೆ ಎಣಿಕೆ ಏರುತ್ತದೆ, ತಿರುಗಿಸಿದರೆ ಇಳಿಯುತ್ತದೆ.

ಅವರಿಗೆ ಸಿಕ್ಕಿದ ಹಂಚಿಕೆ 1 − (1/3)cosθ. ಅಂದರೆ ಗರಿಷ್ಠ ಮತ್ತು ಕನಿಷ್ಠದ ಅನುಪಾತ 2:1. ಒಂದು ಕಡೆ 400, ಇನ್ನೊಂದು ಕಡೆ 200 ಎಣಿಕೆ ಬಂದರೂ ವ್ಯತ್ಯಾಸ 200, ದೋಷ √600 ≈ 24.5, ಅಂದರೆ 8 ಸಿಗ್ಮಾ. ಕಿಟಕಿಯ ಅಗಲದಿಂದ ಪರಿಣಾಮ ಸ್ವಲ್ಪ ಮಾಸುತ್ತದೆ ನಿಜ. ಆದರೂ ಒಂದು ರಾತ್ರಿಯ ಕಿರಣ ಸಾಕಾದದ್ದು ಏಕೆಂದು ಇದರಿಂದಲೇ ಗೊತ್ತಾಗುತ್ತದೆ. ಅದೇ ದತ್ತಾಂಶದಿಂದ ಮ್ಯೂಯಾನ್‌ನ ಜಿ-ಗುಣಾಂಕವೂ (ಕಣದ ಕಾಂತತ್ವಕ್ಕೂ ಸ್ಪಿನ್‌ಗೂ ಇರುವ ಸಂಬಂಧದ ಅಂಕಿ) ಸಿಕ್ಕಿತು: 2.00 ± 0.10.

ಎಡವಬಹುದಾದ ಜಾಗಗಳು: ಸೈಕ್ಲೋಟ್ರಾನ್‌ನಿಂದ ಸೋರುವ ಕ್ಷೇತ್ರ (ಅದಕ್ಕೇ ಗುರಿಯ ಸುತ್ತ ಕಾಂತ ಕವಚ), ಸುರುಳಿಯ ಬಿಸಿ (ಮೊದಲು ಪ್ಲಾಸ್ಟಿಕ್ ಕೊಳವೆಯ ಮೇಲೆ ಸುತ್ತಿದ್ದು ಕೈಕೊಟ್ಟಿತು, ಆಮೇಲೆ ಇಂಗಾಲದ ಮೇಲೇ ನೇರವಾಗಿ ಸುತ್ತಿದರು), ಗುರಿಯ ವಸ್ತು. ಗ್ರಾಫೈಟ್‌ನಲ್ಲಿ ಸ್ಪಿನ್‌ನ ಒಲವು (ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗಿರುವುದು) ಉಳಿಯುತ್ತದೆ, ಫೋಟೋ ಎಮಲ್ಷನ್‌ನಲ್ಲಿ ಸಾಕಷ್ಟು ಕಳೆದುಹೋಗುತ್ತದೆ. ಋಣ ಮ್ಯೂಯಾನ್ ತೆಗೆದುಕೊಂಡರೆ ಅದು ಪರಮಾಣುವಿನೊಳಗೆ ಸೆರೆಯಾಗಿ ಕೆಳಗಿಳಿಯುವಾಗಲೇ ಒಲವಿನ ಬಹುಪಾಲು ನಾಶ.

ಹಿನ್ನೆಲೆ_ಸದ್ದು

ಮೇಲಿನದಕ್ಕೆ ಜೋಡಿಯಾಗಿ ವೆಬರ್ ಪ್ರಕರಣ ಸೇರಿಸಿ. ಹಿಂದಿನದರಲ್ಲಿ ಇಲ್ಲವೆಂದುಕೊಂಡಿದ್ದನ್ನು ಇದೆ ಎಂದು ತೋರಿಸಿದರು, ಇದರಲ್ಲಿ ಇದೆ ಎಂದದ್ದನ್ನು ಇಲ್ಲವೆಂದರು. ಸಲಹೆ ಕೊಡುವವರಿಗೆ ಎದುರಾಗುವುದು ಹೆಚ್ಚಾಗಿ ಎರಡನೆಯ ಬಗೆ.

ಮೇರಿಲ್ಯಾಂಡ್‌ನ ಜೋಸೆಫ್ ವೆಬರ್ ಸುಮಾರು 1400 ಕೆಜಿಯ ಅಲ್ಯೂಮಿನಿಯಂ ಉರುಳೆಗಳನ್ನು ತೂಗುಹಾಕಿ, 1660 ಹರ್ಟ್ಸ್‌ನಲ್ಲಿ ಅವು ಮಿಡಿಯುವುದನ್ನು ಅಳೆದು, ಮೇರಿಲ್ಯಾಂಡ್ ಮತ್ತು ಶಿಕಾಗೊ ಬಳಿಯ ಆರ್ಗಾನ್‌ನಲ್ಲಿ ಒಂದೇ ಕ್ಷಣಕ್ಕೆ ಬಂದ ಮಿಡಿತಗಳು ಗುರುತ್ವ ತರಂಗಗಳೆಂದು 1969ರಲ್ಲಿ ಹೇಳಿದರು. ಕೋಣೆಯ ತಾಪದಲ್ಲಿ ಆ ಮಿಡಿತದ ಉಷ್ಣಶಕ್ತಿ ಕೆಟಿ = 4.1×10⁻²¹ ಜೂಲ್. ಪರಿಣಾಮಕಾರಿ ದ್ರವ್ಯರಾಶಿ ಅರ್ಧ, ಅಂದರೆ 700 ಕೆಜಿ ಎಂದಿಟ್ಟು √(ಕೆಟಿ/ಎಂω²) ಲೆಕ್ಕ ಹಾಕಿಸಿ: ಸುಮಾರು 2.3×10⁻¹⁶ ಮೀಟರ್. ಪ್ರೋಟಾನ್‌ನ ಅಡ್ಡಳತೆಯ ಏಳನೇ ಒಂದು ಪಾಲು! ಈ ಸದ್ದಿನ ಮೇಲೆ ಸಂಕೇತ ಹುಡುಕಬೇಕು.

ಐಬಿಎಂನಲ್ಲಿ ಗಾರ್ವಿನ್ ಮತ್ತು ಜೇಮ್ಸ್ ಲೆವಿನ್ ಕಟ್ಟಿದ್ದು ಬರೀ 118 ಕೆಜಿಯ ಉರುಳೆ. ತರಂಗದಿಂದ ಹೀರುವ ಶಕ್ತಿ ದ್ರವ್ಯರಾಶಿಗೆ ತಕ್ಕಂತೆ ಇರುವುದರಿಂದ ಇದು ಹನ್ನೆರಡನೇ ಒಂದು ಪಾಲು. ಆದರೂ ಸಾಕಾಯಿತು, ಏಕೆಂದರೆ ಅವರಿಗೆ ಬೇಕಿದ್ದುದು ಅತ್ಯುತ್ತಮ ಉಪಕರಣವಲ್ಲ. ವೆಬರ್ ಹೇಳಿದ ಗಾತ್ರದ ಮಿಡಿತ ಬಂದರೆ ತಪ್ಪದೆ ಕಾಣುವ ಉಪಕರಣ. ಗೊತ್ತಿರುವ ಶಕ್ತಿಯ ವಿದ್ಯುತ್ ತಟ್ಟು ಕೊಟ್ಟು, ಅದು ದಾಖಲಾಗುತ್ತದೆಯೇ ಎಂದು ನೋಡಿದರು. 1973ರಲ್ಲಿ ಫಲಿತಾಂಶ ಪ್ರಕಟವಾಯಿತು: ಅಂಥ ಮಿಡಿತಗಳಿಲ್ಲ. ನನ್ನ ಪ್ರಕಾರ ತರಗತಿಯಲ್ಲಿ ಒತ್ತಿ ಹೇಳಬೇಕಾದ್ದು ಈ ಮಾಪನಾಂಕನವನ್ನೇ. ಗೊತ್ತಿರುವ ತಟ್ಟನ್ನು ಕೊಟ್ಟು ನೋಡದ ಉಪಕರಣದ "ಏನೂ ಕಾಣಲಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ದತ್ತಾಂಶದ ಕಡೆ ಎರಡು ದೋಷ ಹೊರಬಿದ್ದವು. ರಾಚೆಸ್ಟರ್‌ನ ಡೇವಿಡ್ ಡಗ್ಲಸ್ ವೆಬರ್ ಅವರ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ತಪ್ಪೊಂದನ್ನು ಹಿಡಿದರು. 1973ರ ಜೂನ್ ಮೊದಲ ವಾರದ ಟೇಪಿನ "ಏಕಕಾಲಿಕ" ಮಿಡಿತಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ತಪ್ಪಿನಿಂದಲೇ ಹುಟ್ಟಿದ್ದವು. ಇನ್ನೊಂದು, ಡಗ್ಲಸ್ ಅವರ ಟೇಪಿನ ಜೊತೆಗೂ ಹೊಂದಿಕೆ ಸಿಕ್ಕಿದೆ ಎಂದು ವೆಬರ್ ಹೇಳಿದ್ದರು, ಆದರೆ ಒಂದು ಗಡಿಯಾರ ಗ್ರೀನಿಚ್ ಕಾಲಕ್ಕೆ, ಇನ್ನೊಂದು ಅಮೆರಿಕದ ಪೂರ್ವ ಕರಾವಳಿಯ ಬೇಸಿಗೆ ಕಾಲಕ್ಕೆ ಇತ್ತು. ನಡುವಿನ ಅಂತರ 4 ಗಂಟೆ. ಒಂದೇ ಕ್ಷಣ ಎಂದದ್ದು ಒಂದೇ ಕ್ಷಣವಾಗಿರಲೇ ಇಲ್ಲ. 1974ರಲ್ಲಿ ಅಮೆರಿಕದ ಕೇಂಬ್ರಿಜ್‌ನ ಸಮ್ಮೇಳನದಲ್ಲಿ ಗಾರ್ವಿನ್ ಇದನ್ನು ವೆಬರ್ ಎದುರಿಗೇ ಇಟ್ಟರು.

ಹಾಗಾದರೆ ಇಲ್ಲದ ಹೊಂದಿಕೆ ಎಲ್ಲಿಂದ ಬರುತ್ತದೆ? ಎಷ್ಟು ದೊಡ್ಡದಿದ್ದರೆ ಮಿಡಿತವೆಂದು ಹಿಡಿಯಬೇಕು ಎಂಬ ಮಿತಿಯನ್ನು ದತ್ತಾಂಶ ನೋಡುತ್ತಾ ಬದಲಿಸಿದರೆ ಬರುತ್ತದೆ. ಒಂದು ಮಿತಿಗೆ ಆಕಸ್ಮಿಕವಾಗಿ ಶಿಖರ ಕಾಣುವ ಸಂಭವ ಶೇ. 1 ಎಂದಿಟ್ಟುಕೊಂಡರೆ, 50 ಮಿತಿಗಳನ್ನು ಪ್ರಯತ್ನಿಸಿದಾಗ ಎಲ್ಲೋ ಒಂದರಲ್ಲಿ ಕಾಣುವ ಸಂಭವ 1 − 0.99⁵⁰, ಅಂದರೆ ಸುಮಾರು ಶೇ. 39. (ಮಿತಿಗಳು ಒಂದಕ್ಕೊಂದು ಸ್ವತಂತ್ರವಲ್ಲ, ಹಾಗಾಗಿ ಇದು ಮೇಲಿನ ಅಂದಾಜು.) ಲೆವಿನ್ ಇದನ್ನೇ ಕಂಪ್ಯೂಟರ್‌ನಲ್ಲಿ ಅನುಕರಿಸಿ ತೋರಿಸಿದರು. ತರಗತಿಯಲ್ಲಿ ಯಾದೃಚ್ಛಿಕ ಸಂಖ್ಯೆಗಳ ಎರಡು ಸಾಲು ಹುಟ್ಟಿಸಿ ಹತ್ತು ನಿಮಿಷದಲ್ಲಿ ಮಾಡಿಸಬಹುದು.

ಇನ್ನೊಂದು ಮಾತು ಬಿಡಬೇಡಿ. ಗುರುತ್ವ ತರಂಗ ಪತ್ತೆಹಚ್ಚುವ ಲೈಗೊ ಯೋಜನೆಗೆ ಹಣ ಕೇಳಿದಾಗ ಗಟ್ಟಿ ವಿಮರ್ಶೆ ಆಗಲೇಬೇಕು ಎಂದು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದವರಲ್ಲಿ ಗಾರ್ವಿನ್ ಇದ್ದರು. 1986ರ ಆ ವಿಮರ್ಶೆ ಯೋಜನೆಯ ಪರವಾಗಿ ಬಂತು. 2015ರ ಸೆಪ್ಟೆಂಬರ್ 14ರಂದು ತರಂಗ ಸಿಕ್ಕಿತು.

ಕಡತ_ಕಪಾಟು

ಸಲಹೆಯ ಭಾಗಕ್ಕೆ ಶಬ್ದಾತೀತ ಪ್ರಯಾಣಿಕ ವಿಮಾನದ ಪ್ರಕರಣಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಏಕೆಂದರೆ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಮೊದಲು ದಿನಚರಿಯ ಮಾತು. ಐಬಿಎಂ ಜೊತೆಗಿನ ಒಪ್ಪಂದದಲ್ಲಿ ಗಾರ್ವಿನ್ ಅವರ ಸಮಯದ ಮೂರನೇ ಒಂದು ಭಾಗ ಸರ್ಕಾರದ ಕೆಲಸಕ್ಕೆ ಮೀಸಲು. ಅಧ್ಯಕ್ಷರ ಸಲಹಾ ಸಮಿತಿ ತಿಂಗಳಿಗೆ ಎರಡು ದಿನ ಕೂಡುತ್ತಿತ್ತು. ಅದರ ಕೆಳಗೆ ಸೈನಿಕ ವಿಮಾನ, ನೌಕಾಯುದ್ಧ ಹೀಗೆ ವಿಷಯವಾರು ತಂಡಗಳು, ಅವಕ್ಕೆ ಬೇರೆ ದಿನಗಳು. ಕಂಪನಿಗಳೂ ಸೇನೆಯೂ ಬಂದು ವಿವರಣೆ ಕೊಡುತ್ತವೆ, ತಂಡ ಪ್ರಶ್ನೆ ಕೇಳುತ್ತದೆ, ಸ್ವಂತ ಲೆಕ್ಕ ಹಾಕುತ್ತದೆ, ಬರೆದುಕೊಡುತ್ತದೆ. ಸಂಶೋಧನೆಯನ್ನು ಕೈಬಿಡದೆ ಇದ್ದುದರಿಂದ ಆ ಲೆಕ್ಕಗಳಿಗೆ ಮೊನಚು ಇತ್ತು.

ಬೋಯಿಂಗ್ 2707 ಶಬ್ದದ 2.7ರಷ್ಟು ವೇಗದಲ್ಲಿ ಹಾರಬೇಕಿದ್ದ ವಿಮಾನ, ಸರ್ಕಾರದ ಹಣದಲ್ಲಿ ರೂಪುಗೊಳ್ಳುತ್ತಿತ್ತು. 1969ರಲ್ಲಿ ನಿಕ್ಸನ್ ಸರ್ಕಾರಕ್ಕಾಗಿ ಗಾರ್ವಿನ್ ಅಧ್ಯಕ್ಷತೆಯ ತಂಡ ಅದನ್ನು ಪರಿಶೀಲಿಸಿ, ಮುಂದುವರಿಸುವುದು ಬೇಡವೆಂದಿತು. ವರದಿ ಹೊರಬರಲಿಲ್ಲ, ಸರ್ಕಾರ ಯೋಜನೆಯನ್ನು ಮುಂದುವರಿಸಿತು. 1970ರಲ್ಲಿ ಗಾರ್ವಿನ್ ಸಂಸತ್ತಿನ ಸಮಿತಿಗಳ ಮುಂದೆ ನಿಂತು ಯೋಜನೆಯ ವಿರುದ್ಧ ಸಾಕ್ಷ್ಯ ನುಡಿದರು.

ಗೆರೆ ಎಳೆದದ್ದು ಇಲ್ಲಿ. ವರದಿಯಲ್ಲಿ ಏನಿದೆ ಎಂದು ಅವರು ಹೇಳಲಿಲ್ಲ. ಅಧ್ಯಕ್ಷರಿಗೆ ಏನು ಸಲಹೆ ಕೊಟ್ಟೆವು ಎಂದೂ ಹೇಳಲಿಲ್ಲ. ಎಲ್ಲರಿಗೂ ಸಿಗುವ ಅಂಕಿಗಳಿಂದ ಮತ್ತೆ ಲೆಕ್ಕ ಹಾಕಿ, ಒಬ್ಬ ಭೌತವಿಜ್ಞಾನಿಯಾಗಿ ಮಾತಾಡಿದರು. ರನ್‌ವೇ ಪಕ್ಕದ ಸದ್ದು 50 ಜಂಬೋ ಜೆಟ್‌ಗಳು ಒಟ್ಟಿಗೆ ಏರಿದಷ್ಟು ಎಂಬ ಪ್ರಸಿದ್ಧ ಮಾತು ಆ ಸಾಕ್ಷ್ಯದ್ದು. 1971ರ ಮಾರ್ಚ್‌ನಲ್ಲಿ ಸಂಸತ್ತು ಹಣ ನಿಲ್ಲಿಸಿತು. ವರದಿ ಹೊರಬಂದದ್ದು ಅದಾದ ಮೇಲೆ, ಮಾಹಿತಿ ಹಕ್ಕಿನ ಕಾನೂನಿನಡಿ ನಾಗರಿಕರು ಹೂಡಿದ ಮೊಕದ್ದಮೆಯಿಂದ. ಶ್ವೇತಭವನದ ವಿಜ್ಞಾನ ಕಚೇರಿಯೂ ಆ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ನ್ಯಾಯಾಲಯ ಹೇಳಿತು.

ಪಾಲಿಸಬೇಕಾದ ಪದ್ಧತಿ ಇದರಿಂದ ಸಿಗುತ್ತದೆ: ಸಮಿತಿಯ ಟಿಪ್ಪಣಿ ಬೇರೆ, ಸಾರ್ವಜನಿಕ ಮೂಲಗಳ ಟಿಪ್ಪಣಿ ಬೇರೆ. ಬಹಿರಂಗ ಹೇಳಿಕೆಯ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವ ಬಹಿರಂಗ ದಾಖಲೆಯದ್ದೆಂದು ಮೊದಲೇ ಬರೆದಿರಬೇಕು. ಸಾರ್ವಜನಿಕ ಮೂಲ ಸಿಗದ ಅಂಕಿಯನ್ನು, ಅದು ಎಷ್ಟೇ ಮುಖ್ಯವಾಗಿದ್ದರೂ, ಬಿಟ್ಟುಬಿಡಬೇಕು. ಇದು ಸುಲಭವಲ್ಲ; ವರ್ಷಗಳ ನಂತರ ಯಾವುದನ್ನು ಎಲ್ಲಿ ಕೇಳಿದೆವು ಎಂಬುದೇ ಮರೆಯುತ್ತದೆ. ಹಾಗಾಗಿ ಅಂದಂದೇ ಬೇರ್ಪಡಿಸಬೇಕು.

ಇದರ ಬೆಲೆಯೂ ಇತ್ತು. ಈ ವಿಮಾನದ ವಿಷಯದಲ್ಲೂ ಕ್ಷಿಪಣಿ ತಡೆ ವ್ಯವಸ್ಥೆಯ ವಿಷಯದಲ್ಲೂ ಸಲಹೆಗಾರರು ಬಹಿರಂಗವಾಗಿ ವಿರೋಧಿಸಿದ್ದು ನಿಕ್ಸನ್‌ಗೆ ಹಿಡಿಸಲಿಲ್ಲ. 1973ರಲ್ಲಿ ಆ ಸಮಿತಿಯನ್ನೇ ತೆಗೆದುಹಾಕಲಾಯಿತು. ಶ್ವೇತಭವನದಲ್ಲಿ ವಿಜ್ಞಾನ ಕಚೇರಿ ಮತ್ತೆ ಕಾನೂನಿನ ಮೂಲಕ ಬಂದದ್ದು 1976ರಲ್ಲಿ. ಗಾರ್ವಿನ್ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ತರಗತಿಯಲ್ಲಿ ಎರಡೂ ಪಕ್ಷವನ್ನು ವಾದಕ್ಕಿಡಿ. ಸಲಹೆಗಾರರು ಹೀಗೆ ಹೊರಗೆ ಮಾತಾಡಿದರೆ ಮುಂದಿನ ಅಧ್ಯಕ್ಷರು ಸಲಹೆಯನ್ನೇ ಕೇಳುವುದಿಲ್ಲ ಎಂಬ ವಾದಕ್ಕೂ ತೂಕವಿದೆ.

ಧಾರವಾಡ_ಫಿಸಿಕ್ಸ್

ಮೂವರಿಗೂ ಬಹಳ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎರಡು ಅನುಮಾನ ಉಳಿದಿವೆ. 50 ಜಂಬೋ ಜೆಟ್ ಎಂಬುದನ್ನು ಡೆಸಿಬೆಲ್‌ಗೆ ಇಳಿಸಿದರೆ ಏನಾಗುತ್ತದೆ? ಗಾರ್ವಿನ್ ಇದ್ದ ಸಮಿತಿಯ ತೀರ್ಮಾನವನ್ನು ಬಲ್ಲವರೇ ಒಪ್ಪದ ಪ್ರಕರಣ ಇದೆಯೇ? ಎಲ್ಲದರಲ್ಲೂ ಗೆದ್ದ ಕಥೆ ಹೇಳಿದರೆ ಹುಡುಗರು ನಂಬುವುದಿಲ್ಲ, ನಂಬಲೂ ಬಾರದು.

ಹಿನ್ನೆಲೆ_ಸದ್ದು

ಡೆಸಿಬೆಲ್: 10·ಲಾಗ್(50) ≈ 17. ಸದ್ದಿನ ಶಕ್ತಿ 50 ಪಟ್ಟು ನಿಜ, ಆದರೆ 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಇಮ್ಮಡಿ ಅನಿಸುವುದರಿಂದ, 17 ಡೆಸಿಬೆಲ್ ಎಂದರೆ ಕಿವಿಗೆ ಸುಮಾರು 3.2 ಪಟ್ಟು. ಎರಡೂ ಸರಿಯಾದ ಅಂಕಿಗಳೇ. ಯಾವುದನ್ನು ಹೇಳುತ್ತೇವೆ ಎಂಬುದರ ಮೇಲೆ ಕೇಳುಗರ ತೀರ್ಮಾನ ಬದಲಾಗುತ್ತದೆ, ಆದ್ದರಿಂದ ಎರಡನ್ನೂ ಬರೆಸಿ.

ಸ್ಪಿನ್_ಸುರುಳಿ

ಕ್ಷಿಪಣಿ ತಡೆಯ ಪ್ರಸ್ತಾಪ ಬಂತಲ್ಲ, ಅದರ ಮೂಲ ಲೆಕ್ಕ ಹಲಗೆಯ ಮೇಲೆ ಎರಡು ಸಾಲು. ಹ್ಯಾನ್ಸ್ ಬೆಥೆ ಜೊತೆ 1968ರಲ್ಲಿ ಗಾರ್ವಿನ್ ಜನರ ಮುಂದಿಟ್ಟ ವಾದ: ನಿರ್ವಾತದಲ್ಲಿ ಹಗುರ ಬಲೂನಿಗೂ ಭಾರದ ಸಿಡಿತಲೆಗೂ ಒಂದೇ ಪಥ, ಹಾಗಾಗಿ ದೂರದಿಂದ ಯಾವುದು ಯಾವುದೆಂದು ತಿಳಿಯದು. ಗಾಳಿ ಸಿಕ್ಕಿದ ಮೇಲೆಯೇ ಬಲೂನು ಹಿಂದೆ ಬೀಳುತ್ತದೆ. ವೇಗ ಸೆಕೆಂಡಿಗೆ 7 ಕಿಮೀ, ಇಳಿಯುವ ಕೋನ 23 ಡಿಗ್ರಿ ಎಂದಿಟ್ಟರೆ, 100 ಕಿಮೀ ಎತ್ತರದಿಂದ ನೆಲಕ್ಕೆ ಓರೆ ದಾರಿ 256 ಕಿಮೀ, ಸಮಯ ಸುಮಾರು 37 ಸೆಕೆಂಡ್. ಬೇರ್ಪಡಿಸಿ, ಗುರಿಯಿಟ್ಟು, ಹೊಡೆಯಲು ಉಳಿಯುವುದು ಅಷ್ಟರೊಳಗೆ.

ವೇಗದ ಫೂರಿಯೇ ರೂಪಾಂತರವನ್ನೂ (ಸಂಕೇತದಲ್ಲಿರುವ ಆವೃತ್ತಿಗಳನ್ನು ಬೇಗ ಬಿಡಿಸುವ ಲೆಕ್ಕದ ವಿಧಾನ) ಒಂದು ಸ್ಲೈಡಿನಲ್ಲಿ ತನ್ನಿ. ಸಲಹಾ ಸಮಿತಿಯ ಸಭೆಯೊಂದರಲ್ಲಿ ಪಕ್ಕದಲ್ಲಿದ್ದ ಜಾನ್ ಟ್ಯೂಕಿಯ ಕಲ್ಪನೆಯನ್ನು ಗಾರ್ವಿನ್ ಕೇಳಿ ತಿಳಿದುಕೊಂಡು, ಐಬಿಎಂನ ಜಾನ್ ಕೂಲಿಯ ಬೆನ್ನುಹತ್ತಿ ಪ್ರೋಗ್ರಾಂ ಬರೆಸಿದರು. ಘನ ಹೀಲಿಯಂ-3ರ ಸ್ಪಿನ್ ಲೆಕ್ಕಕ್ಕೆ ಬೇಕು ಎಂದು ಕೂಲಿಗೆ ಹೇಳಿದ್ದರು; ಭೂಕಂಪಮಾಪಕಗಳಿಂದ ಭೂಗತ ಅಣುಪರೀಕ್ಷೆ ಪತ್ತೆಹಚ್ಚಲು ಅದು ಎಷ್ಟು ಉಪಯುಕ್ತ ಎಂಬುದೂ ಅವರ ಮನಸ್ಸಿನಲ್ಲಿತ್ತು. ಕೂಲಿ–ಟ್ಯೂಕಿ ಲೇಖನ ಬಂದದ್ದು 1965ರಲ್ಲಿ. 10,48,576 ಬಿಂದುಗಳಿಗೆ ಎನ್² ಸುಮಾರು 1.1×10¹², ಎನ್·ಲಾಗ್₂ಎನ್ ಸುಮಾರು 2.1×10⁷. ಐವತ್ತು ಸಾವಿರ ಪಟ್ಟಿಗೂ ಹೆಚ್ಚು ಉಳಿತಾಯ.

ಕಡತ_ಕಪಾಟು

ಒಪ್ಪದ ಪ್ರಕರಣ ಇದೆ, ವೆಲಾ. 1979ರ ಸೆಪ್ಟೆಂಬರ್ 22ರಂದು ಅಣುಪರೀಕ್ಷೆಗಳ ಮೇಲೆ ಕಣ್ಣಿಡುವ ಅಮೆರಿಕದ ವೆಲಾ ಉಪಗ್ರಹ ದಕ್ಷಿಣ ಗೋಳದ ಸಾಗರದ ಕಡೆಯಿಂದ ಎರಡು ಏರಿಳಿತದ ಮಿಂಚೊಂದನ್ನು ದಾಖಲಿಸಿತು. ಗಾಳಿಯಲ್ಲಿ ಅಣುಸ್ಫೋಟವಾದಾಗ ಆಘಾತ ತರಂಗದ ಮುಂಭಾಗ ಕೆಲಹೊತ್ತು ಅಪಾರದರ್ಶಕವಾಗಿ ಒಳಗಿನ ಬೆಂಕಿಯುಂಡೆಯನ್ನು ಮರೆಮಾಡುತ್ತದೆ, ಆಮೇಲೆ ತಿಳಿಯಾಗುತ್ತದೆ. ಅದಕ್ಕೇ ಎರಡು ಶಿಖರ. ಎಂಐಟಿಯ ಜಾಕ್ ರುಯಿನಾ ಅಧ್ಯಕ್ಷತೆಯ ತಂಡದಲ್ಲಿ ಗಾರ್ವಿನ್ ಇದ್ದರು. ಉಪಗ್ರಹದ ಎರಡು ಬೆಳಕುಮಾಪಕಗಳ ಓದು ಪರಸ್ಪರ ಹೊಂದದೆ ಇದ್ದುದನ್ನು ಎತ್ತಿಹಿಡಿದು, ಬಹುಶಃ ಅಣುಸ್ಫೋಟವಲ್ಲ, ಸಣ್ಣ ಉಲ್ಕಾಕಣ ಬಡಿದು ಎದ್ದ ಚೂರುಗಳ ಹೊಳಪು ಇರಬಹುದು ಎಂದು ತಂಡ 1980ರಲ್ಲಿ ಹೇಳಿತು. ಲಾಸ್ ಅಲಮೋಸ್‌ನಲ್ಲೂ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲೂ ಹಲವರು ಒಪ್ಪಲಿಲ್ಲ, ಇಂದಿಗೂ ಅನೇಕ ತಜ್ಞರು ಅದು ಸ್ಫೋಟವೇ ಎನ್ನುತ್ತಾರೆ. ವೆಬರ್ ಪ್ರಕರಣದಲ್ಲಿ ಇನ್ನೊಂದು ಉರುಳೆ ಕಟ್ಟಿ ನೋಡಬಹುದಿತ್ತು. ಇಲ್ಲಿ ಘಟನೆ ಒಂದೇ ಸಲ ನಡೆದದ್ದು, ಮತ್ತೆ ಮಾಡಿ ನೋಡುವಂತಿಲ್ಲ. ಆ ವ್ಯತ್ಯಾಸವನ್ನು ಹುಡುಗರಿಂದಲೇ ಹೇಳಿಸಿ.

ಇದಕ್ಕೆ ಎದುರಾಗಿ ಕೆನೆಡಿ ಹತ್ಯೆಯ ಧ್ವನಿಮುದ್ರಿಕೆ. ಪೊಲೀಸ್ ರೇಡಿಯೊದ ದಾಖಲೆಯಲ್ಲಿ ನಾಲ್ಕನೇ ಗುಂಡಿನ ಸದ್ದಿದೆ, ಸಂಭವ ಶೇ. 95 ಎಂದು 1978ರ ಕೊನೆಯಲ್ಲಿ ಸಂಸತ್ತಿನ ಸಮಿತಿಗೆ ಬಂದ ವಿಶ್ಲೇಷಣೆ ಹೇಳಿತ್ತು. ನಾರ್ಮನ್ ರ‍್ಯಾಮ್ಸೆ ಅಧ್ಯಕ್ಷತೆಯ ತಂಡ (ಗಾರ್ವಿನ್, ಲೂಯಿಸ್ ಆಲ್ವರೆಜ್ ಅದರಲ್ಲಿದ್ದರು) 1982ರಲ್ಲಿ ಅದನ್ನು ತಳ್ಳಿಹಾಕಿತು. ಸುಳಿವು ಕೊಟ್ಟದ್ದು ಒಹಾಯೊದ ಒಬ್ಬ ಡ್ರಮ್ ವಾದಕ: ಆ "ಗುಂಡಿನ" ಜಾಗದಲ್ಲೇ ಎರಡನೇ ಚಾನೆಲ್‌ನ ಮಾತೊಂದು ಕ್ಷೀಣವಾಗಿ ಸೋರಿ ಬಂದಿದೆ. ತಂಡ ಎರಡೂ ಚಾನೆಲ್‌ಗಳ ಧ್ವನಿಚಿತ್ರ ತೆಗೆದು ಹೋಲಿಸಿತು. ಯಂತ್ರಗಳ ವೇಗ ಬೇರೆಬೇರೆ ಇದ್ದರೆ ಸಮಯವೂ ಆವೃತ್ತಿಯೂ ಒಂದೇ ಪ್ರಮಾಣದಲ್ಲಿ ಹಿಗ್ಗಬೇಕು ಅಥವಾ ಕುಗ್ಗಬೇಕು; ಎರಡೂ ತಾಳೆಯಾದರೆ ಮಾತ್ರ ಒಂದೇ ಮಾತು. ತಾಳೆಯಾಯಿತು. ಆ ಮಾತು ಗುಂಡು ಹಾರಿದ ಸುಮಾರು ಒಂದು ನಿಮಿಷದ ನಂತರದ್ದು.

ಮೂಲ ಕಾಗದಗಳಿಗೆ: ಅಮೆರಿಕನ್ ವಿಜ್ಞಾನಿಗಳ ಒಕ್ಕೂಟದ ತಾಣದಲ್ಲಿ ಗಾರ್ವಿನ್ ಸಂಗ್ರಹ ಎಂದು ಹುಡುಕಿದರೆ ಅವರ ಸಾಕ್ಷ್ಯಗಳು, ಭಾಷಣಗಳು, ಲೇಖನಗಳು ಸಿಗುತ್ತವೆ. ಸ್ಕ್ಯಾನ್ ಮಾಡಿದ ಹಳೆಯ ಪುಟಗಳಲ್ಲಿ ಪದ ಹುಡುಕಿದರೆ ಅಂಕಿಗಳು ತಪ್ಪಾಗಿ ಓದಿಕೊಳ್ಳುವುದುಂಟು, ದಶಾಂಶ ಬಿಂದು ಮಾಯವಾಗಿರುತ್ತದೆ. ಹುಡುಗರಿಗೆ ಹಂಚುವ ಮೊದಲು ಪ್ರತಿ ಅಂಕಿಯನ್ನೂ ಪುಟದ ಚಿತ್ರದ ಜೊತೆ ಹೋಲಿಸಿ ನೋಡಿ. ವಿಮಾನದ ಸಾಕ್ಷ್ಯ ಕೊಡುವಾಗ 1969ರ ಗುಪ್ತ ವರದಿಯನ್ನೂ ಪಕ್ಕದಲ್ಲಿಡಿ, ಯಾವ ಅಂಕಿ ಎರಡರಲ್ಲೂ ಇದೆ, ಯಾವುದು ವರದಿಯಲ್ಲಿ ಮಾತ್ರ ಇದೆ ಎಂದು ಅವರೇ ಗುರುತು ಹಾಕಲಿ. ಅದಕ್ಕೆ ಅರ್ಧ ತಾಸು ಬೇಕಾಗುತ್ತದೆ.